ಸಿಲೋನಿನಿಂದ 'ಮರಳಿದವರು'

ಗುಳೆ ಅಂದರೇನು ಅಂತ ದೇಶನೂರು, ಸಿರುಗುಪ್ಪ ಕಡೆಯ ಮಂದಿಗೆ ಹೇಳಿಕೊಡಬೇಕಿಲ್ಲ. ಆದರೆ ಗುಳೆ ಹೋದವರಿಗೆ ತಿರುಗಿ ಬರಲು ಒಂದು ಊರಾದರೂ ಇರುತ್ತದೆ. ಹೊಳೆ ದಾಟಿ ಸಿಂಧನೂರಿಗೆ ಹೋದರೆ ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಲಿಗಳ ಕ್ಯಾಂಪುಗಳಿವೆ. ಅವರನ್ನು ನಿರಾಶ್ರಿತರು ಅಂತ ಕರೆದರು. ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ, ಸುಳ್ಯ-ಪುತ್ತೂರಿನ ರಬ್ಬರ್ ತೋಟಗಳಲ್ಲಿ ದುಡಿಯುವ ತಮಿಳರಿಗೆ ಆ ಹೆಸರೂ ದಕ್ಕಲಿಲ್ಲ. ಸರ್ಕಾರದ ಕಾಗದದಲ್ಲಿ ಅವರು ಲಂಕೆಯಿಂದ 'ಮರಳಿ ಬಂದವರು'.

ಎಲ್ಲಿಗೆ ಮರಳಿ? ಅವರಲ್ಲಿ ಬಹಳ ಮಂದಿ ಹುಟ್ಟಿದ್ದೇ ಲಂಕೆಯಲ್ಲಿ. ಭಾರತವನ್ನು ಮೊದಲು ಕಂಡದ್ದು ಹಡಗು ಇಳಿದಾಗ.

19ನೇ ಶತಮಾನದಲ್ಲಿ ಬ್ರಿಟಿಷ್ ತೋಟದೊರೆಗಳಿಗೆ ಕೂಲಿ ಬೇಕಿತ್ತು. ತಮಿಳುನಾಡಿನ ಬರಗಾಲದ ಹಳ್ಳಿಗಳಲ್ಲಿ ಪರೈಯರು, ಪಳ್ಳರು, ಇನ್ನೂ ಎಷ್ಟೋ ಬಡಜಾತಿಯವರು ಹಸಿದು ಕೂತಿದ್ದರು. ಕಂಗಾಣಿ ಅನ್ನುವ ಮೇಸ್ತ್ರಿ ಸಾಲ ಕೊಟ್ಟು ಎಳೆದುಕೊಂಡು ಹೋದ. ಮೊದಲು ಕಾಫಿ. 1869ರಿಂದ ರೋಗ ಬಿದ್ದು ಕಾಫಿ ಹಾಳಾದ ಮೇಲೆ ಚಹಾ. ಬದುಕೆಲ್ಲ ಲೈನು ಮನೆಯ ಒಂದು ಕೋಣೆಯಲ್ಲಿ. ಜಗತ್ತು ಕುಡಿದ ಸಿಲೋನ್ ಚಹಾದ ಎಲೆ ಕಿತ್ತದ್ದು ಈ ಹೆಂಗಸರ ಬೆರಳುಗಳು.

1948ರಲ್ಲಿ ಲಂಕೆ ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಕಾಯ್ದೆ ಇವರನ್ನು ಯಾವ ದೇಶದವರೂ ಅಲ್ಲದಂತೆ ಮಾಡಿತು. 1964ರ ಅಕ್ಟೋಬರ್ 30ರಂದು ಶಾಸ್ತ್ರಿ ಮತ್ತು ಸಿರಿಮಾವೋ ಒಪ್ಪಂದಕ್ಕೆ ಸಹಿ ಹಾಕಿದರು: 5,25,000 ಜನ ಭಾರತಕ್ಕೆ, 3,00,000 ಜನ ಲಂಕೆಗೆ. ಉಳಿದ 1,50,000 ಜನರನ್ನು 1974ರಲ್ಲಿ ಅರ್ಧರ್ಧ ಹಂಚಿಕೊಂಡರು. ಸಂತೆಯಲ್ಲಿ ಕುರಿ ಹಂಚಿದ ಹಾಗೆ! ಅಣ್ಣ ಅಲ್ಲಿ, ತಂಗಿ ಇಲ್ಲಿ.

ಲೈನು ಮನೆಯ ಗುಲಾಮಗಿರಿಗೆ ಯಾರಾದರೂ ಹಂಬಲಿಸುತ್ತಾರೇನ್ರೀ ಅಂತ ಓದಿದವರು ಕೇಳಬಹುದು. ಲಂಕೆ ಸ್ವರ್ಗವಾಗಿರಲಿಲ್ಲ, ಲೈನುಗಳಲ್ಲೂ ಜಾತಿ ಇತ್ತು, ನಿಜ. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿದ ಬಾಬಾಸಾಹೇಬರಿಗೆ ತಾವು ಅಸ್ಪೃಶ್ಯರೆಂಬುದೇ ಮರೆತುಹೋಗಿತ್ತು. 1917ರಲ್ಲಿ ಬರೋಡಕ್ಕೆ ಬಂದಾಗ ಸ್ವದೇಶ ಅದನ್ನು ನೆನಪಿಸಿತು, ಪಾರ್ಸಿ ಛತ್ರದಿಂದ ಹೊರಗೆ ಹಾಕಿ. ತೋಟದ ಕೂಲಿಗೆ ಅಂಥ ಮರೆವಿನ ಭಾಗ್ಯವೂ ಇರಲಿಲ್ಲ. ಆದರೂ ಅಜ್ಜ-ಅಜ್ಜಿಯರನ್ನು ಹೂತ ಮಣ್ಣು ಅಲ್ಲಿಯದು. ಕೈ ಕಲಿತ ಕೆಲಸ ಅಲ್ಲಿಯದು. ಇಲ್ಲಿ ಕರಾವಳಿಯ ಸೆಕೆಯಲ್ಲಿ, ಬೆಳಕು ಹರಿಯುವ ಮುಂಚೆ ಎದ್ದು ರಬ್ಬರ್ ಮರದ ತೊಗಟೆ ಕೆತ್ತುವುದನ್ನು ಹೊಸದಾಗಿ ಕಲಿಯಬೇಕಾಯಿತು. ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಅಲ್ಲಿ 'ಇಂಡಿಯನ್ನರು' ಆಗಿದ್ದವರು ಇಲ್ಲಿ 'ಸಿಲೋನಿನವರು' ಆದರು, ಜಾತಿ ಸರ್ಟಿಫಿಕೇಟಿಗೆ ಕಚೇರಿ ಕಚೇರಿ ಅಲೆದರು.

ಹೋಗಿ ನೋಡಿ ಬರೋಣ ಅಂದರೆ, ತಲೈಮನ್ನಾರ್-ರಾಮೇಶ್ವರದ ನಡುವಿನ ಹಡಗು 1984ರಲ್ಲಿ ನಿಂತಿತು. ಅದರ ಹಿಂದಿನ ವರ್ಷದ ಜುಲೈನಲ್ಲಿ ಲಂಕೆಯಲ್ಲಿ ತಮಿಳರ ಮನೆಗಳು ಉರಿದಿದ್ದವು.

2003ರಲ್ಲಿ ಲಂಕೆ ಇನ್ನೊಂದು ಕಾಯ್ದೆ ಮಾಡಿತು. ಅಲ್ಲೇ ಉಳಿದ ಭಾರತೀಯ ಮೂಲದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪೌರತ್ವ ಕೊಟ್ಟಿತು. ಆಗ ಶರತ್ತು: 1964ರ ಅಕ್ಟೋಬರ್ 30ರಿಂದ ಅಲ್ಲೇ ಕಾಯಂ ವಾಸವಿರಬೇಕಿತ್ತು, ಇಲ್ಲವೇ ಅಂಥವರ ಸಂತತಿಯಾಗಿರಬೇಕಿತ್ತು.