ಕರಿಹಲಗೆಯ ಮೇಲಿನ ಪರಂಪರೆ: ಗಡಿನಾಡಿನ ಪ್ರೌಢಶಾಲಾ ಗಣಿತ

ಶಾಲೆಯೊಂದು ನೂರು ವರ್ಷ ಪೂರೈಸಿದಾಗ ಅದರ ಸಂಸ್ಥಾಪಕರನ್ನೂ ದಾನಿಗಳನ್ನೂ ಗುರುಗಳನ್ನೂ ನೆನೆಯುವುದು ನಮ್ಮ ಸಂಪ್ರದಾಯ. ಅದರ ಕರಿಹಲಗೆಯ ಮೇಲೆ ಬರೆದ ಪಾಠಕ್ಕೂ ಒಂದು ಇತಿಹಾಸವಿದೆ. ಇಲ್ಲಿ ನಾವು ಪ್ರೌಢಶಾಲೆಯ ಗಣಿತಪಾಠದ ಇತಿಹಾಸವನ್ನು ಸ್ಮರಿಸಬಯಸುತ್ತೇವೆ.

ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿಸಿದರು. 1949ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಬೆಳಗಾವಿಯು ಮೈಸೂರು ರಾಜ್ಯಕ್ಕೆ ಸೇರಿದಾಗ ಗಡಹಿಂಗ್ಲಜ, ಇಚಲಕರಂಜಿಗಳು ಮುಂಬಯಿ ರಾಜ್ಯದಲ್ಲೇ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾದವು. ಅಂದಿನಿಂದ ಇಲ್ಲಿಯ ಕನ್ನಡ ಮಕ್ಕಳು ಮಹಾರಾಷ್ಟ್ರದ ಪಠ್ಯಕ್ರಮವನ್ನು ಕನ್ನಡದಲ್ಲಿ ಕಲಿಯುತ್ತಿದ್ದಾರೆ. ಹತ್ತನೆಯ ತರಗತಿಯ ಗಣಿತದಲ್ಲಿ ವರ್ಗಸಮೀಕರಣ, ಶ್ರೇಢಿ, ನಿರ್ದೇಶಾಂಕ, ತ್ರಿಕೋಣಮಿತಿಗಳಿವೆ. ಹನ್ನೊಂದನೆಯ ತರಗತಿಯ ವಿಜ್ಞಾನ ಶಾಖೆಗೆ ಹೋದೊಡನೆ ಭಾಷೆ ಇಂಗ್ಲಿಷ್ ಆಗುತ್ತದೆ. ಕನ್ನಡದಲ್ಲಿ ಕಲಿತ ಗಣಿತ ಅಲ್ಲಿ ಕೈಹಿಡಿದೀತೇ ಎಂಬುದು ಅನೇಕ ಪಾಲಕರ ಚಿಂತೆ.

ಈ ಚಿಂತೆಗೆ ಇತಿಹಾಸವೇ ಉತ್ತರ ಕೊಡುತ್ತದೆ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಅವನು ವಿಧಿಸಿದನು. ಕೆಲವು ವರ್ಗಸಮೀಕರಣಗಳಿಗೆ ವಾಸ್ತವ ಮೂಲಗಳಿಲ್ಲವೆಂದು ನಮ್ಮ ಮಕ್ಕಳು ಹತ್ತನೆಯಲ್ಲಿ ಬರೆಯುವುದು ಈ ಮಾತಿನ ಬಲದಿಂದಲೇ. ಹನ್ನೊಂದನೆಯಲ್ಲಿ ಸಂಕೀರ್ಣ ಸಂಖ್ಯೆಗಳ ಪಾಠ ಆರಂಭವಾಗುವುದೂ ಅಲ್ಲಿಂದಲೇ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲೇ ಬರೆದು, ಗಣಿತಶಾಸ್ತ್ರಕ್ಕೆ ಈ ಭಾಷೆ ಸಾಲದೆಂಬ ಸಂಶಯಕ್ಕೆ ಎಡೆಯಿಲ್ಲದಂತೆ ಮಾಡಿದನು.

ಅದೇ ಶತಮಾನದಲ್ಲಿ, 1114ರಲ್ಲಿ, ಭಾಸ್ಕರಾಚಾರ್ಯನು ಜನಿಸಿದನು. ತನ್ನ ಊರು ಸಹ್ಯಾದ್ರಿಯ ಆಶ್ರಯದಲ್ಲಿತ್ತೆಂದು ಅವನೇ ಹೇಳಿದ್ದಾನೆ. ಅದು ವಿಜಯಪುರವೆಂದು ಕೆಲವು ವಿದ್ವಾಂಸರೂ ಖಾನದೇಶದಲ್ಲಿತ್ತೆಂದು ಕೆಲವರೂ ವಾದಿಸುತ್ತಾರೆ. ಗಡಿಯ ಎರಡೂ ಬದಿಯವರು ಅವನನ್ನು ತಮ್ಮವನೆನ್ನುವುದು ನಮ್ಮಂಥವರಿಗೆ ಸಂತೋಷದ ಸಂಗತಿ. ಅವನು 1150ರಲ್ಲಿ ಮುಗಿಸಿದ ‘ಸಿದ್ಧಾಂತಶಿರೋಮಣಿ’ಯ ಲೀಲಾವತೀ ಭಾಗದಲ್ಲಿ ಶ್ರೇಢಿಯ ಪ್ರಕರಣವಿದೆ. ಎರಡು ಕೋನಗಳ ಮೊತ್ತದ ಜ್ಯಾವನ್ನು ಕಂಡುಹಿಡಿಯುವ ನಿಯಮವನ್ನೂ ಅವನು ‘ಜ್ಯೋತ್ಪತ್ತಿ’ಯಲ್ಲಿ ಹೇಳಿದ್ದಾನೆ. ಇಂದು ಅದೇ ನಿಯಮ ಹನ್ನೊಂದನೆಯ ತರಗತಿಯ ತ್ರಿಕೋಣಮಿತಿಯಲ್ಲಿದೆ. ಅವನ ಗ್ರಂಥಗಳ ಅಧ್ಯಯನಕ್ಕಾಗಿ ಮೊಮ್ಮಗ ಚಾಂಗದೇವನು ಖಾನದೇಶದ ಪಾಟಣದಲ್ಲಿ ಮಠವೊಂದನ್ನು ಸ್ಥಾಪಿಸಿದನೆಂದೂ ಅದಕ್ಕೆ ದತ್ತಿ ದೊರೆಯಿತೆಂದೂ 1207ರ ಶಾಸನ ತಿಳಿಸುತ್ತದೆ. ಗಣಿತಪಾಠವು ನಿಲ್ಲದಿರಲೆಂದು ಸಮಾಜವು ಧನವಿತ್ತ ಈ ನಿದರ್ಶನವು ಶತಮಾನೋತ್ಸವದ ಹೊತ್ತಿನಲ್ಲಿ ಸ್ಮರಣೀಯ.

ಇಂಗ್ಲಿಷ್ ಪುಸ್ತಕದ ‘ಸೈನ್’ ಕೂಡ ಪರಕೀಯವಲ್ಲ. ಬಿಲ್ಲಿನ ಹೆದೆ ಎಂಬರ್ಥದ ‘ಜ್ಯಾ’, ‘ಜೀವಾ’ ಎಂಬ ಪದ ಅರಬ್ಬಿಯಲ್ಲಿ ‘ಜೀಬ’ ಆಯಿತು. ಅದನ್ನು ಮಡಿಲು ಎಂಬರ್ಥದ ‘ಜೈಬ್’ ಎಂದು ಓದಿದ ಅನುವಾದಕರು ಲ್ಯಾಟಿನ್ನಿನಲ್ಲಿ ‘ಸೈನಸ್’ ಎಂದು ಬರೆದರು.

ಭಾಷೆ ಬದಲಾಗುವ ಮೊದಲ ತಿಂಗಳುಗಳ ಕಷ್ಟ ನಿಜವಾದದ್ದು; ಅದನ್ನು ಹಗುರವೆಂದು ನಾವು ಹೇಳಲಾರೆವು. ಹತ್ತನೆಯ ತರಗತಿಯಲ್ಲೇ ಪ್ರತಿಯೊಂದು ಪರಿಭಾಷೆಯನ್ನೂ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಅಕ್ಕಪಕ್ಕದಲ್ಲಿ ಬರೆಸಿದರೆ ಆ ಕಷ್ಟ ಬಹುಮಟ್ಟಿಗೆ ಕಡಿಮೆಯಾಗುವುದು. ಹೆಸರು ಬದಲಾದರೂ ಕನ್ನಡದಲ್ಲಿ ಅರಿತ ತತ್ತ್ವ ಬದಲಾಗದು. ಈ ಭರವಸೆಯನ್ನು ಮಕ್ಕಳ ಕೈಯಲ್ಲಿಟ್ಟು ಕಳುಹಿಸುವುದು ಎರಡನೆಯ ಶತಮಾನಕ್ಕೆ ಕಾಲಿಡುವ ಶಾಲೆಯ ಹೊಣೆ ಎಂದು ನಾವು ಭಾವಿಸುತ್ತೇವೆ.