ಅಂಚೆಯಲ್ಲಿ ಬಂದ ಕಾಯಿಲೆ, ಅಂಚೆಯಲ್ಲೇ ಹೋದ ಮದ್ದು

ವೈದ್ಯರು ರೋಗಿಯ ಮುಖ ನೋಡದೆ, ನಾಡಿ ಹಿಡಿಯದೆ, ಕೇವಲ ಪತ್ರವನ್ನು ಓದಿ ಚಿಕಿತ್ಸೆ ಸೂಚಿಸುತ್ತಿದ್ದರು ಎಂದರೆ ಇಂದಿನ ಓದುಗರಿಗೆ ಅಚ್ಚರಿಯೆನಿಸಬಹುದು. ಆದರೆ ಯೂರೋಪಿನಲ್ಲಿ ಇದು ಶತಮಾನಗಳ ಕಾಲ ನಡೆದುಬಂದ, ಪಂಡಿತ ವಲಯದಲ್ಲಿ ಮನ್ನಣೆ ಪಡೆದಿದ್ದ ಪದ್ಧತಿ. ಊರಿನ ವೈದ್ಯ ತನ್ನ ಕೈಮೀರಿದ ಕಾಯಿಲೆಯನ್ನು ವಿವರಿಸಿ ದೂರದ ಹಿರಿಯ ವೈದ್ಯರಿಗೆ ಬರೆಯುತ್ತಿದ್ದ. ಹಲವು ವೇಳೆ ರೋಗಿಯೇ, ಇಲ್ಲವೆ ಮನೆಯವರೇ ಬರೆಯುತ್ತಿದ್ದರು. ಹಿರಿಯರು ಅಂಚೆಯ ಮೂಲಕವೇ ಪಥ್ಯ ಮತ್ತು ಔಷಧವನ್ನು ಸೂಚಿಸುತ್ತಿದ್ದರು. ಈ ಪದ್ಧತಿ ಏಕೆ ಬೆಳೆಯಿತು, ಏಕೆ ಹಿಂದೆ ಸರಿಯಿತು ಎಂಬುದರಲ್ಲಿ ವೈದ್ಯಶಾಸ್ತ್ರವೇ ಬದಲಾದ ಕಥೆ ಅಡಗಿದೆ.

ಇಟಲಿಯಲ್ಲಿ ಬೇರು

ಲಿಖಿತ ವೈದ್ಯ ಸಲಹೆಯ ಪರಂಪರೆ ಹದಿಮೂರನೆಯ ಶತಮಾನದ ಇಟಲಿಯಷ್ಟು ಹಳೆಯದು. ಬೊಲೊನ್ಯಾ ನಗರದ ವೈದ್ಯ ಗುರು ತದ್ದೇಯೊ ಆಲ್ದೆರೊತ್ತಿ (ನಿಧನ 1295) ಒಬ್ಬೊಬ್ಬ ರೋಗಿಯ ಕುರಿತು ಬರೆದ ಸಲಹೆಗಳು ಈ ಪ್ರಕಾರದ ಆರಂಭದ ಮಾದರಿಗಳು. ಲ್ಯಾಟಿನ್ನಿನಲ್ಲಿ ಇವನ್ನು 'ಕೊನ್ಸಿಲಿಯಾ' ಎಂದು ಕರೆಯುತ್ತಿದ್ದರು. ರೋಗಿಯ ಸ್ಥಿತಿ, ಕಾಯಿಲೆಯ ಕಾರಣ, ಆಹಾರ ವಿಹಾರದ ನಿಯಮ, ಕೊನೆಗೆ ಔಷಧ, ಇದು ಅವುಗಳ ಸಾಮಾನ್ಯ ಕ್ರಮ. ಹದಿನೈದನೆಯ ಶತಮಾನದಲ್ಲಿ ಪಾದುವಾದ ಬಾರ್ತೊಲೊಮೆಯೊ ಮೊಂತಾನ್ಯಾನ ಬರೆದ ಇಂಥ ಸಲಹೆಗಳ ಸಂಗ್ರಹದಲ್ಲಿ 300ಕ್ಕೂ ಹೆಚ್ಚು ಪ್ರಕರಣಗಳಿವೆ. ಒಬ್ಬ ರೋಗಿಗಾಗಿ ಬರೆದದ್ದು ಮುಂದಿನ ತಲೆಮಾರಿನ ವಿದ್ಯಾರ್ಥಿಗಳಿಗೆ ಪಾಠವೂ ಆಯಿತು.

ಎಡಿನ್‌ಬರೋದ ಕಲೆನ್

ಈ ಪದ್ಧತಿ ಉತ್ತುಂಗ ತಲುಪಿದ್ದು ಹದಿನೆಂಟನೆಯ ಶತಮಾನದಲ್ಲಿ. ಸ್ಕಾಟ್ಲೆಂಡಿನ ವಿಲಿಯಂ ಕಲೆನ್ (1710-1790) ಇದರ ಅತ್ಯುತ್ತಮ ನಿದರ್ಶನ. ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಅವರಿಗೆ ಸ್ಕಾಟ್ಲೆಂಡಿನ ಹಳ್ಳಿಗಳಿಂದ ಮಾತ್ರವಲ್ಲದೆ ಸಾಗರದಾಚೆಯಿಂದಲೂ ಪತ್ರಗಳು ಬರುತ್ತಿದ್ದವು. ಅವರ ಶಿಷ್ಯರು ಹಲವು ದೇಶಗಳಲ್ಲಿ ವೃತ್ತಿ ನಡೆಸುತ್ತಿದ್ದು, ಕಷ್ಟದ ಪ್ರಕರಣ ಎದುರಾದಾಗ ಗುರುವಿಗೆ ಬರೆಯುವುದು ವಾಡಿಕೆಯಾಗಿತ್ತು. ಸಲಹೆಗೆ ಶುಲ್ಕವೂ ಉಂಟು. ಅದನ್ನು ಗಿನಿ ಲೆಕ್ಕದಲ್ಲಿ ತೆರಬೇಕಿತ್ತು.

ಕಲೆನ್ ತಮಗೆ ಬಂದ ಪತ್ರಗಳನ್ನಷ್ಟೇ ಅಲ್ಲದೆ, ತಾವು ಕಳುಹಿಸಿದ ಉತ್ತರಗಳ ಪ್ರತಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಅದೇ ರೋಗಿ ತಿಂಗಳುಗಳ ಬಳಿಕ ಮತ್ತೆ ಬರೆದರೆ, ಹಿಂದೆ ಏನು ಹೇಳಿದ್ದೆವೆಂದು ತಿಳಿಯಬೇಕಲ್ಲವೆ? ಮೊದಮೊದಲು ಗುಮಾಸ್ತರು ಉತ್ತರಗಳನ್ನು ಕೈಯಿಂದ ನಕಲು ಮಾಡುತ್ತಿದ್ದರು. ಉಗಿಯಂತ್ರದಿಂದ ಹೆಸರಾದ ಜೇಮ್ಸ್ ವಾಟ್ 1780ರಲ್ಲಿ ಪತ್ರದ ನಕಲು ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ವಿಶೇಷ ಶಾಯಿಯಲ್ಲಿ ಬರೆದ ಹಾಳೆಯ ಮೇಲೆ ಒದ್ದೆ ಮಾಡಿದ ತೆಳು ಕಾಗದವನ್ನಿಟ್ಟು ಒತ್ತಿದರೆ ನಕಲು ಮೂಡುತ್ತಿತ್ತು. ಕಲೆನ್ ಮರುವರ್ಷವೇ ಇದನ್ನು ಬಳಸತೊಡಗಿದರು. ಹೀಗೆ ಉಳಿದುಬಂದ ದಾಖಲೆಗಳ ಸಂಖ್ಯೆ 5 ಸಾವಿರಕ್ಕೂ ಹೆಚ್ಚು. ಎಡಿನ್‌ಬರೋದ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್‌ನಲ್ಲಿರುವ ಈ ಸಂಗ್ರಹವನ್ನು ಗ್ಲಾಸ್ಗೋ ವಿಶ್ವವಿದ್ಯಾಲಯದ ಸಂಶೋಧಕರು ಡಿಜಿಟಲ್ ರೂಪಕ್ಕೆ ತಂದಿದ್ದಾರೆ.

ಪ್ರಶ್ನೆಗಳ ಪಟ್ಟಿ

ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ಸ್ಯಾಮುಯೆಲ್ ಟಿಸ್ಸೊ (1728-1797) ಈ ಕಾಲದ ಮತ್ತೊಬ್ಬ ಪ್ರಸಿದ್ಧ ವೈದ್ಯರು. ವೈದ್ಯರಿಲ್ಲದ ಹಳ್ಳಿಗಾಡಿನ ಜನರಿಗಾಗಿ ಅವರು 1761ರಲ್ಲಿ ಪ್ರಕಟಿಸಿದ ಆರೋಗ್ಯ ಕೈಪಿಡಿ ಹಲವು ಭಾಷೆಗಳಿಗೆ ಅನುವಾದವಾಯಿತು. ವೈದ್ಯರಿಂದ ಸಲಹೆ ಬಯಸುವವರು ಯಾವ ಪ್ರಶ್ನೆಗಳಿಗೆ ಉತ್ತರ ಸಿದ್ಧವಿಟ್ಟುಕೊಳ್ಳಬೇಕು ಎಂಬ ಪಟ್ಟಿಯೊಂದು ಅದರಲ್ಲಿದೆ. ವಯಸ್ಸೆಷ್ಟು, ಮೊದಲು ಆರೋಗ್ಯ ಹೇಗಿತ್ತು, ಕಾಯಿಲೆ ಎಂದಿನಿಂದ, ಈಗಾಗಲೇ ಯಾವ ಮದ್ದು ತೆಗೆದುಕೊಂಡಿದ್ದೀರಿ ಎಂಬಂಥ ಪ್ರಶ್ನೆಗಳವು. ಟಿಸ್ಸೊ ಅವರಿಗೆ ಬಂದ 1,200ಕ್ಕೂ ಹೆಚ್ಚು ಪತ್ರಗಳು ಲೊಸಾನ್ ಗ್ರಂಥಾಲಯದಲ್ಲಿ ಇಂದಿಗೂ ಇವೆ. ಆ ಕಾಲದ ರೋಗಿಗಳು ತಮ್ಮ ನೋವನ್ನು ತಮ್ಮದೇ ಮಾತಿನಲ್ಲಿ ಹೇಳಿಕೊಂಡ ಅಪರೂಪದ ದಾಖಲೆ ಇದು.

ನೋಡದೆ ನಿರ್ಣಯ ಹೇಗೆ?

ಇಷ್ಟು ಗಂಭೀರ ವಿಷಯವನ್ನು ಪತ್ರಕ್ಕೆ ಒಪ್ಪಿಸಲು ಧೈರ್ಯ ಬಂದದ್ದಾದರೂ ಹೇಗೆ? ಅಂದಿನ ವೈದ್ಯಶಾಸ್ತ್ರದ ಸ್ವರೂಪದಲ್ಲೇ ಇದಕ್ಕೆ ಉತ್ತರವಿದೆ. ಕಾಯಿಲೆಯೆಂದರೆ ಇಡೀ ದೇಹದ ಸಮತೋಲ ತಪ್ಪುವುದು ಎಂಬ ನಂಬಿಕೆ ಪ್ರಬಲವಾಗಿತ್ತು. ಅದರ ಸುಳಿವು ಸಿಗುತ್ತಿದ್ದುದು ರೋಗಿಯ ಊಟ, ನಿದ್ರೆ, ಬೆವರು, ಮಲಮೂತ್ರ, ಮನಸ್ಸಿನ ಸ್ಥಿತಿ, ಬದುಕಿನ ರೀತಿಗಳಲ್ಲಿ. ಇವೆಲ್ಲವನ್ನೂ ಮಾತಿನಲ್ಲಿ ಹೇಳಬಹುದು, ಹೇಳಬಹುದಾದುದನ್ನು ಬರೆಯಲೂಬಹುದು. ಪಂಡಿತ ವೈದ್ಯರು ರೋಗಿಯನ್ನು ಎದುರಿಗೆ ಕಂಡಾಗಲೂ ನಾಡಿ, ನಾಲಿಗೆ, ಮೂತ್ರಗಳಿಗಿಂತ ಆಳವಾಗಿ ದೇಹವನ್ನು ಪರೀಕ್ಷಿಸುತ್ತಿದ್ದುದು ಕಡಿಮೆ. ನಾಡಿಯ ಬಡಿತವನ್ನು ಎಣಿಸಿ ಪತ್ರದಲ್ಲಿ ತಿಳಿಸಲು ಊರಿನ ಶಸ್ತ್ರವೈದ್ಯನಿದ್ದ.

ಜಾನ್ಸನ್ ಪ್ರಕರಣ

ಈ ಪದ್ಧತಿಯ ಶಕ್ತಿ ಮತ್ತು ಮಿತಿಗಳೆರಡನ್ನೂ ತೋರುವ ಪ್ರಕರಣವೊಂದಿದೆ. ಇಂಗ್ಲಿಷ್ ನಿಘಂಟುಕಾರ ಸ್ಯಾಮುಯೆಲ್ ಜಾನ್ಸನ್ 1784ರ ಆರಂಭದಲ್ಲಿ ಉಬ್ಬಸದಿಂದಲೂ ಮೈಯಲ್ಲಿ ನೀರು ತುಂಬುವ ಬಾವಿನಿಂದಲೂ ಲಂಡನ್ನಿನಲ್ಲಿ ಬಳಲುತ್ತಿದ್ದರು. ಅವರಿಗಾಗ 74 ವರ್ಷ. ಸ್ಕಾಟ್ಲೆಂಡಿನಲ್ಲಿದ್ದ ಅವರ ಆಪ್ತ ಜೇಮ್ಸ್ ಬಾಸ್ವೆಲ್ ಆ ಮಾರ್ಚ್‌ನಲ್ಲಿ ಕಲೆನ್, ಹೋಪ್ ಮತ್ತು ಮನ್ರೋ ಎಂಬ ಎಡಿನ್‌ಬರೋದ ಮೂವರು ವೈದ್ಯರಿಗೆ ಪತ್ರ ಬರೆದು ಸಲಹೆ ಬೇಡಿದರು. ಎಲ್ಲರೂ ಗೌರವದಿಂದ ಉತ್ತರಿಸಿದರು. ಲಂಡನ್ನಿನಲ್ಲಿ ಹೆಬರ್ಡನ್ ಅವರಂಥ ಸಮರ್ಥ ವೈದ್ಯರ ಆರೈಕೆಯೂ ಜಾನ್ಸನ್ನರಿಗೆ ಇತ್ತು. ಆದರೂ 1784ರ ಡಿಸೆಂಬರ್ 13ರಂದು ಅವರು ತೀರಿಕೊಂಡರು.

ಬಳಿಕ ನಡೆದ ಶವಪರೀಕ್ಷೆಯಲ್ಲಿ ಶ್ವಾಸಕೋಶಗಳು ಉಬ್ಬಿಕೊಂಡಿದ್ದುದು, ಹೃದಯ ದೊಡ್ಡದಾಗಿದ್ದುದು ಕಂಡುಬಂತು. ಯಾವ ಪತ್ರವೂ ಹೇಳಲಾಗದಿದ್ದ ಸಂಗತಿಗಳಿವು. ಹಾಸಿಗೆಯ ಪಕ್ಕದಲ್ಲಿದ್ದ ವೈದ್ಯರಿಗೂ ಜೀವಂತ ದೇಹದೊಳಗೆ ಅವನ್ನು ಕಾಣುವ ಉಪಾಯ ಇರಲಿಲ್ಲ. ಇಂಥ ಬಾವಿಗೆ ಫಾಕ್ಸ್‌ಗ್ಲವ್ ಗಿಡದ ಎಲೆಯಿಂದಾಗುವ ಉಪಯೋಗವನ್ನು ವಿವರಿಸಿದ ವಿಲಿಯಂ ವಿದರಿಂಗ್ ಅವರ ಪುಸ್ತಕ ಪ್ರಕಟವಾದುದು ಮರುವರ್ಷ, 1785ರಲ್ಲಿ. ಅದರಲ್ಲೂ ಬೇರೆ ಬೇರೆ ವೈದ್ಯರು ಬರೆದು ಕಳುಹಿಸಿದ ಅನುಭವಗಳು ಸೇರಿವೆ. ವೈದ್ಯರ ಪತ್ರಗಳು ಸಲಹೆಯ ಜತೆಗೆ ಸಂಶೋಧನೆಯ ವಾಹಕವೂ ಆಗಿದ್ದವು.

ಪತ್ರವೇ ತಂದ ಬದಲಾವಣೆ

ಪಾದುವಾದ ಪ್ರಾಧ್ಯಾಪಕ ಜಿಯೊವಾನ್ನಿ ಬಾತ್ತಿಸ್ತಾ ಮೊರ್ಗಾನಿ (1682-1771) ಕೂಡ ಅಂಚೆಯ ಮೂಲಕ ಸಲಹೆ ನೀಡುತ್ತಿದ್ದವರು. ಅವರ ನೂರು ಸಲಹೆಗಳು ಇಪ್ಪತ್ತನೆಯ ಶತಮಾನದಲ್ಲಿ ಅಚ್ಚಾಗಿವೆ. ತಮ್ಮ 79ನೆಯ ವಯಸ್ಸಿನಲ್ಲಿ, 1761ರಲ್ಲಿ, ಅವರು ಪ್ರಕಟಿಸಿದ ಮಹಾಗ್ರಂಥವು ರೋಗ ಲಕ್ಷಣಗಳನ್ನು ಶವಪರೀಕ್ಷೆಯಲ್ಲಿ ಕಂಡ ಅಂಗಗಳ ವಿಕಾರದೊಡನೆ ಜೋಡಿಸಿ ತೋರಿಸಿತು. ಕಾಯಿಲೆಗೆ ದೇಹದಲ್ಲಿ ನಿರ್ದಿಷ್ಟ ನೆಲೆಯಿದೆ ಎಂಬುದು ಅದರ ಸಾರ. ಈ ಗ್ರಂಥ ರಚಿತವಾಗಿರುವುದು 70 ಪತ್ರಗಳ ರೂಪದಲ್ಲಿ! ಪತ್ರ ಚಿಕಿತ್ಸೆಯನ್ನು ಮುಂದೆ ಹಿನ್ನೆಲೆಗೆ ಸರಿಸಿದ ವಿಚಾರವು ಪತ್ರಗಳಲ್ಲೇ ಲೋಕಕ್ಕೆ ತಲುಪಿತು.

ಕಾಯಿಲೆಯು ಅಂಗದಲ್ಲಿದೆ ಎಂದಮೇಲೆ ಅಂಗವನ್ನು ಪರೀಕ್ಷಿಸಬೇಕು. ಪ್ಯಾರಿಸಿನ ರೆನೆ ಲೆನೆಕ್ 1816ರಲ್ಲಿ ಸ್ಟೆತಾಸ್ಕೋಪನ್ನು ರೂಪಿಸಿದರು. ಎದೆಯೊಳಗಿನ ಸದ್ದು ಕೇಳಲು ರೋಗಿ ಎದುರಿಗಿರಲೇಬೇಕು. ಆಸ್ಪತ್ರೆಗಳು ಬೆಳೆದಂತೆ, ಪರೀಕ್ಷಾ ಸಾಧನಗಳು ಬಂದಂತೆ ರೋಗಿಯ ಮಾತಿಗಿಂತ ದೇಹದ ಸಾಕ್ಷ್ಯಕ್ಕೆ ತೂಕ ಹೆಚ್ಚಿತು. ಬ್ರಿಟನ್ನಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದು ಪತ್ರ ಅಗ್ಗವಾದ ಕಾಲಕ್ಕೆ ಪತ್ರದ ಮೂಲಕ ಚಿಕಿತ್ಸೆ ಹಿಂದೆ ಸರಿಯತೊಡಗಿತ್ತು.

ಮತ್ತೆ ದೂರದ ಚಿಕಿತ್ಸೆ

ದೂರವಿದ್ದೇ ಚಿಕಿತ್ಸೆ ಪಡೆಯುವ ಅಗತ್ಯ ಮಾತ್ರ ಕೊನೆಗೊಳ್ಳಲಿಲ್ಲ. 2000ದ ದಶಕದ ಆರಂಭದಲ್ಲಿ ಇಸ್ರೊ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯು ಬೆಂಗಳೂರಿನ ಹೃದಯ ತಜ್ಞರೊಡನೆ ಉಪಗ್ರಹ ಸಂಪರ್ಕ ಪಡೆಯಿತು. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 25ರಂದು, ಭಾರತದಲ್ಲಿ ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯು ವಿಡಿಯೊ ಮತ್ತು ಧ್ವನಿಯ ಜತೆಗೆ ಇಮೇಲ್, ಸಂದೇಶಗಳಂಥ ಬರಹದ ಸಮಾಲೋಚನೆಗೂ ಅವಕಾಶ ನೀಡಿತು. ಜತೆಗೆ ಯಾವ ಮಾಧ್ಯಮದಲ್ಲಿ ಯಾವ ಔಷಧ ಬರೆಯಬಹುದು ಎಂಬ ಮಿತಿಯನ್ನೂ ಹಾಕಿತು. ದೇಹ ಪರೀಕ್ಷೆ ಅನಿವಾರ್ಯವೆಂದು ಕಂಡರೆ ರೋಗಿಯನ್ನು ನೇರವಾಗಿ ನೋಡಬೇಕೆಂದು ಸೂಚಿಸಿತು.

ಕಲೆನ್ ಕಾಲದ ವೈದ್ಯರಿಗೆ ಈ ಗೆರೆ ಎಲ್ಲಿದೆಯೆಂದು ತಿಳಿಯುವ ಸಾಧನ ಇರಲಿಲ್ಲ. ಅವರಲ್ಲಿದ್ದುದು ರೋಗಿಯ ಮಾತನ್ನು ಕೊನೆಯವರೆಗೂ ಓದುವ ತಾಳ್ಮೆ. ಯಂತ್ರಗಳ ನೆರವಿರುವ ಇಂದಿನ ದೂರ ಚಿಕಿತ್ಸೆಗೂ ಆ ತಾಳ್ಮೆ ಅಷ್ಟೇ ಅಗತ್ಯ.