ಪೇತ್ರನ ಕೋಳಿ, ಎರಡು ಕೆಂಡ

ನಮ್ಮ ಪುತ್ತೂರು ಕಡೆ ಕೋಳಿ ಕೂಗಿತು ಅಂದ್ರೆ ಬೆಳಗಾಯ್ತು ಅಂತ ಅರ್ಥ. ಬೈಬಲಿನಲ್ಲಿ ಒಂದು ಕೋಳಿ ಕೂಗಿದಾಗ ಒಬ್ಬ ಬೆಸ್ತ ಬಿಕ್ಕಿ ಬಿಕ್ಕಿ ಅತ್ತ.

ಕಥೆ ನಿಮಗೂ ಗೊತ್ತಿರಬಹುದು. ಯೇಸುವನ್ನು ಹಿಡಿದ ರಾತ್ರಿ ಪೇತ್ರ ಮಹಾಯಾಜಕನ ಅಂಗಳದಲ್ಲಿ ಚಳಿ ಕಾಯಿಸುತ್ತಿದ್ದ. ನೀನೂ ಅವನ ಜೊತೆಯವನಲ್ವಾ ಅಂತ ಜನ ಕೇಳಿದರು. ಮೂರು ಸಲ ಕೇಳಿದರೂ ಅಲ್ಲ ಅಂದುಬಿಟ್ಟ. ಕೆಲವೇ ಗಂಟೆ ಹಿಂದೆ, ಪ್ರಾಣ ಹೋದರೂ ಬಿಡಲ್ಲ ಅಂದವನು ಇವನೇ!

ನನಗೆ ಆಶ್ಚರ್ಯ ಆಗೋದು ಬೇರೆ ವಿಷಯಕ್ಕೆ. ಈ ಘಟನೆ ನಾಲ್ಕು ಸುವಾರ್ತೆಗಳಲ್ಲೂ ಇದೆ. ಅವು ಬರೆಯಲ್ಪಟ್ಟ ಕಾಲಕ್ಕೆ ಪೇತ್ರ ಸಭೆಗೆ ದೊಡ್ಡ ಹಿರಿಯ. ನಾವಾದರೆ ಮನೆತನದ ಚರಿತ್ರೆಯಿಂದ ಇಂಥದ್ದನ್ನು ಮೆಲ್ಲಗೆ ಅಳಿಸಿಬಿಡುತ್ತಿದ್ದೆವು. ಮಾರ್ಕ ಬರೆದದ್ದು ಪೇತ್ರನೇ ಹೇಳಿದ್ದನ್ನು ಅಂತ ಎರಡನೇ ಶತಮಾನದ ಒಂದು ಹೇಳಿಕೆ ಇದೆ. ಅದು ನಿಜವಾದರೆ, ತನ್ನ ಮಾನ ಹೋದ ಕಥೆಯನ್ನು ಅವನೇ ಹೇಳಿಕೊಂಡು ತಿರುಗಿದ್ದ!

ಈ ಕಥೆ ತುಳುವಿಗೂ ಬೇಗ ಬಂತು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಗ್ರೈನರ್ ಶುರು ಮಾಡಿ ಅಮ್ಮನ್ ಮುಗಿಸಿದ ತುಳು ಹೊಸ ಒಡಂಬಡಿಕೆ 1847ರಲ್ಲಿ ಕನ್ನಡ ಲಿಪಿಯಲ್ಲೇ ಅಚ್ಚಾಯಿತು. ತುಳುವರ ಕೈಗೆ ಸಿಕ್ಕ ಮೊದಮೊದಲ ಅಚ್ಚು ಪುಸ್ತಕಗಳಲ್ಲೇ ಪೇತ್ರನ ಸೋಲೂ ಇತ್ತು.

ಮುಂದಿನ ಭಾಗ ಯೋಹಾನನ ಸುವಾರ್ತೆಯಲ್ಲಿದೆ. ಪೇತ್ರ ಸುಳ್ಳು ಹೇಳಿದ್ದು ಕೆಂಡದ ಬೆಂಕಿಯ ಪಕ್ಕ. ಯೇಸು ಎದ್ದು ಬಂದ ಮೇಲೆ ಕೆರೆಯ ದಡದಲ್ಲಿ ಮೀನು ಸುಟ್ಟು ಕರೆದದ್ದೂ ಕೆಂಡದ ಪಕ್ಕ. ಆ ಕೆಂಡಕ್ಕಿರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಮೂರು ಸಲ ಅಲ್ಲ ಅಂದವನಿಗೆ ಮೂರು ಸಲ ಒಂದೇ ಪ್ರಶ್ನೆ: ನನ್ನ ಮೇಲೆ ಪ್ರೀತಿ ಇದೆಯಾ? ಪ್ರತಿ ಉತ್ತರಕ್ಕೂ ಒಂದು ಕೆಲಸ: ಹಾಗಾದರೆ ನನ್ನ ಕುರಿಗಳನ್ನು ನೋಡಿಕೋ.

ನಮ್ಮಲ್ಲಿ ತಪ್ಪಾದರೆ ತಪ್ಪುಕಾಣಿಕೆ ಹಾಕಿ ಕೈಮುಗಿಯುತ್ತೇವೆ, ಮನಸ್ಸು ಹಗುರಾಗುತ್ತದೆ. ಇಲ್ಲಿ ಕಾಣಿಕೆ ಕೇಳಲಿಲ್ಲ, ಲೆಕ್ಕ ಎತ್ತಲಿಲ್ಲ. ಸೋತವನ ಕೈಗೇ ಜವಾಬ್ದಾರಿ ಕೊಟ್ಟು, ನನ್ನ ಹಿಂದೆ ಬಾ ಅಂದ. ಪೇತ್ರ ಹೋದ. ನೀರೋ ಕಾಲದಲ್ಲಿ ರೋಮಿನಲ್ಲಿ ಅವನನ್ನು ಕೊಂದರು ಎನ್ನುತ್ತದೆ ಸಭೆಯ ಪರಂಪರೆ. ಆ ಸಲ ಅವನು ಅಲ್ಲ ಅನ್ನಲಿಲ್ಲ.

ಇದೆಲ್ಲ ಯಾಕೆ ಬರೆದೆ ಅಂದ್ರೆ, ನನಗೂ ಒಂದು ಕೋಳಿ ಕೂಗಿದೆ. ಸುಳ್ಯದಲ್ಲಿ ಹೈಸ್ಕೂಲು ಓದುವಾಗ ಇಬ್ಬರೂ ಸೇರಿ ಕಿಟಕಿ ಗಾಜು ಒಡೆದೆವು. ಸಿಕ್ಕಿಬಿದ್ದವನು ಅವನು. ನೀನೂ ಇದ್ದೆಯಾ ಅಂತ ಮಾಷ್ಟ್ರು ಕೇಳಿದಾಗ ಇಲ್ಲ ಅಂದೆ. ಪೆಟ್ಟು ಅವನೊಬ್ಬನೇ ತಿಂದ. ಕೇರಳದಿಂದ ಕಡಬದ ಕಡೆಗೆ ಬಂದು ರಬ್ಬರ್ ಹಾಕಿದ ಸಿರಿಯನ್ ಕ್ರೈಸ್ತರ ಮನೆಯ ಹುಡುಗ. ಆಮೇಲೆ ವರ್ಷಗಟ್ಟಲೆ ನಾನೇ ಮುಖ ತಪ್ಪಿಸಿಕೊಂಡು ತಿರುಗಿದೆ.

ಅವನ ಮಗಳ ಮದುವೆಗೆ ಕರೆ ಬಂತು. ಹಿಂಜರಿಯುತ್ತಲೇ ಹೋದೆ. ಕ್ಷಮಿಸು ಅನ್ನಲು ಬಾಯಿ ತೆರೆದರೆ, ಉಗ್ರಾಣದ ಕೀಲಿಕೈ ನನ್ನ ಕೈಗೆ ಹಾಕಿ, "ಊಟದ್ದು ನೀನು ನೋಡ್ಕೊಳ್ಬೇಕು ಮಾರಾಯ" ಅಂದ.

ಸಂಜೆವರೆಗೆ ಬಡಿಸಿದೆ. ಅಷ್ಟು ರುಚಿಯಾದ ಊಟ ಮತ್ತೆ ಉಂಡಿಲ್ಲ.